ಬಿಸಿಲು, ಸಗಣಿ, ಹಳ್ಳ, ಗಾಳಿ: ನಿಮ್ಮ ಮನೆಗೆ ಒಗ್ಗುವುದು ಯಾವುದು?

ತಾರಸಿ ಮೇಲೆ ಪ್ಯಾನೆಲ್ ಹಾಕಿಸಿದಾಗಿನಿಂದ ನಮ್ಮ ಬೀದಿಯಲ್ಲಿ ನನಗೆ ಹೊಸ ಕೆಲಸವೊಂದು ಅಂಟಿಕೊಂಡಿದೆ. ಬೆಳಿಗ್ಗೆ ವಾಕಿಂಗ್ ಹೊರಟರೆ ಯಾರಾದರೊಬ್ಬರು ಗೇಟಿನ ಹತ್ತಿರ ನಿಲ್ಲಿಸಿ ಕೇಳುತ್ತಾರೆ: "ಸಾರ್, ನಾವೂ ಸೋಲಾರ್ ಹಾಕಿಸೋಣ ಅಂತಿದೀವಿ. ಎಷ್ಟು ಕಿಲೋವ್ಯಾಟ್ ಹಾಕಿಸಲಿ?" ನಾನು ತಿರುಗಿ ಕೇಳುವುದು ಒಂದೇ. "ಕರೆಂಟ್ ಬಿಲ್ ಇದೆಯಾ? ತನ್ನಿ ನೋಡೋಣ." ಅರ್ಧ ಜನ ಅಲ್ಲಿಗೇ ಮಾತು ಬದಲಾಯಿಸುತ್ತಾರೆ.

ನವೀಕರಿಸಬಹುದಾದ ಇಂಧನ ಅಂದರೆ ಬಳಸಿದಷ್ಟೂ ಮತ್ತೆ ತುಂಬಿಕೊಳ್ಳುವ ಇಂಧನ. ಬಿಸಿಲು, ಗಾಳಿ, ಹರಿಯುವ ನೀರು, ಸಗಣಿ, ಸೌದೆ. ಕಲ್ಲಿದ್ದಲು ಹಾಗಲ್ಲ, ಒಮ್ಮೆ ಸುಟ್ಟರೆ ಮುಗಿಯಿತು. ಇದು ನಮ್ಮ ನಾಡಿಗೆ ಹೊಸ ವಿಷಯವೂ ಅಲ್ಲ. 1902ರಲ್ಲೇ ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ಕರೆಂಟ್ ತೆಗೆದು, 140 ಕಿಲೋಮೀಟರ್‌ಗಿಂತ ದೂರದ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದಿದ್ದರು. ಬೆಂಗಳೂರಿನ ಬೀದಿದೀಪಕ್ಕೆ ಅದೇ ಕರೆಂಟ್ ಬಂದದ್ದು 1905ರಲ್ಲಿ. ರಾಯಚೂರು ಬಳಿಯ ಶಕ್ತಿನಗರದ ಕಲ್ಲಿದ್ದಲು ಸ್ಥಾವರ ಶುರುವಾಗಿದ್ದು 1980ರ ದಶಕದಲ್ಲಿ. ಅಂದರೆ ನಮ್ಮಲ್ಲಿ ನೀರಿನ ಕರೆಂಟ್ ಹಿರಿಯಣ್ಣ, ಕಲ್ಲಿದ್ದಲಿನದು ಆಮೇಲೆ ಬಂದ ತಮ್ಮ.

ಆದರೆ ಈ ಲೇಖನ ಚರಿತ್ರೆಗಲ್ಲ, ನಿಮ್ಮ ಮನೆಗೆ. ನಾನು ತುಮಕೂರಿನಲ್ಲಿ ಇರುವುದು. ನಮ್ಮ ದೊಡ್ಡಪ್ಪನ ಮನೆ ಕೊಪ್ಪದ ಕಡೆ, ಅಡಿಕೆ ತೋಟದ ನಡುವೆ. ಈ ಎರಡು ಮನೆಗಳಲ್ಲಿ ಸರಿಹೋದದ್ದು, ಕೆಟ್ಟದ್ದು ನೋಡಿ ಕಲಿತದ್ದನ್ನು ಮಾಡಬೇಕಾದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಮೊದಲು: ಬಿಲ್ ಓದಿ

ಹಿಂದಿನ 12 ತಿಂಗಳ ಕರೆಂಟ್ ಬಿಲ್ ಹುಡುಕಿ. ಕಾಗದ ಕಳೆದುಹೋಗಿದ್ದರೆ ಎಸ್ಕಾಂ (ಬೆಸ್ಕಾಂ, ಮೆಸ್ಕಾಂನಂಥ ಕರೆಂಟ್ ಕಂಪನಿ) ಆ್ಯಪ್‌ನಲ್ಲೋ ಕಚೇರಿಯಲ್ಲೋ ಸಿಗುತ್ತದೆ. ರೂಪಾಯಿ ನೋಡಬೇಡಿ, ಯುನಿಟ್ ನೋಡಿ. ತಿಂಗಳಿಗೆ ಎಷ್ಟು ಯುನಿಟ್ ಓಡಿದೆ, ಯಾವ ತಿಂಗಳು ಜಾಸ್ತಿ, ಮಂಜೂರಾದ ಲೋಡ್ (ಒಮ್ಮೆಗೆ ಎಳೆಯಲು ನಿಮ್ಮ ಮನೆಗಿರುವ ಮಿತಿ) ಎಷ್ಟು ಕಿಲೋವ್ಯಾಟ್, ಈ ಮೂರನ್ನು ಬರೆದಿಟ್ಟುಕೊಳ್ಳಿ.

ಯುನಿಟ್ ಅಂದರೆ ಏನು ಅಂತ ಒಮ್ಮೆ ಸ್ಪಷ್ಟ ಮಾಡಿಕೊಳ್ಳೋಣ. 1,000 ವ್ಯಾಟ್‌ನ, ಅಂದರೆ ಒಂದು ಕಿಲೋವ್ಯಾಟ್‌ನ ಸಾಧನ ಒಂದು ಗಂಟೆ ಓಡಿದರೆ ಒಂದು ಯುನಿಟ್. 2,000 ವ್ಯಾಟ್‌ನ ಗೀಸರ್ ಅರ್ಧ ಗಂಟೆ ಓಡಿದರೂ ಒಂದು ಯುನಿಟ್. 10 ವ್ಯಾಟ್‌ನ ಎಲ್‌ಇಡಿ ಬಲ್ಬ್ ಒಂದು ಯುನಿಟ್ ನುಂಗಬೇಕಾದರೆ 100 ಗಂಟೆ ಉರಿಯಬೇಕು. ಮಕ್ಕಳು ಲೈಟ್ ಆರಿಸಲಿಲ್ಲ ಅಂತ ಬೈಯುವ ಅಪ್ಪಂದಿರು ಸ್ನಾನಕ್ಕೆ ಹೋಗುವ ಅರ್ಧ ಗಂಟೆ ಮೊದಲೇ ಗೀಸರ್ ಹಾಕಿ ಮರೆತಿರುತ್ತಾರೆ. ನಾನೂ ಅದೇ ಪೈಕಿ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಪ್ಯಾನೆಲ್ ಮಾರುವವರು ಹೇಳುವುದಿಲ್ಲ. ಗೃಹಜ್ಯೋತಿಯಲ್ಲಿ ನಿಮ್ಮ ಬಿಲ್ ಸೊನ್ನೆ ಬರುತ್ತಿದ್ದರೆ, ತಾರಸಿ ಮೇಲೆ ಕರೆಂಟ್ ಮಾಡಿ ಉಳಿಸುವ ದುಡ್ಡು ಏನೂ ಇಲ್ಲ. ಪರಿಸರದ ಕಾಳಜಿಗೆ ಹಾಕಿಸಿದರೆ ಸಂತೋಷ, ದುಡ್ಡಿನ ಲೆಕ್ಕಕ್ಕೆ ಬೇಡ. ತಿಂಗಳಿಗೆ 200 ಯುನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಲ್ಲ, ಆ ಗೆರೆಯ ಆಸುಪಾಸಿನಲ್ಲಿ ಒದ್ದಾಡುವ ಮನೆಗಳೂ ಇವೆ. ಅಂಥವರಿಗೆ ಪ್ಯಾನೆಲ್‌ಗಿಂತ ಮೊದಲು ಬಿಸಿನೀರಿನ ಸೋಲಾರ್ ಹಾಕಿಸಿ ಅನ್ನುತ್ತೇನೆ. ಗೀಸರ್ ನಿಂತರೆ ಎಷ್ಟೋ ಮನೆ ತಾನಾಗಿ 200ರ ಒಳಗೆ ಬರುತ್ತದೆ.

ಆಮೇಲೆ: ಬೇಕಾಗಿರುವುದು ಬಿಸಿಯೋ, ಕರೆಂಟೋ?

ನನ್ನ ಪ್ರಕಾರ ಇಡೀ ವಿಷಯದ ಬೀಗದಕೈ ಇದು. ಮನೆಯಲ್ಲಿ ಇಂಧನ ಎರಡು ಥರ ಖರ್ಚಾಗುತ್ತದೆ. ಒಂದು, ಕಾಯಿಸುವುದಕ್ಕೆ: ಸ್ನಾನದ ನೀರು, ಅಡುಗೆ. ಇನ್ನೊಂದು, ತಿರುಗಿಸುವುದಕ್ಕೆ ಮತ್ತು ಬೆಳಗುವುದಕ್ಕೆ: ಫ್ಯಾನು, ಫ್ರಿಜ್ಜು, ಮೋಟರ್, ಟಿವಿ, ದೀಪ. ಎರಡನೆಯದಕ್ಕೆ ಕರೆಂಟೇ ಬೇಕು. ಮೊದಲನೆಯದಕ್ಕೆ ಬೇಕಿಲ್ಲ.

ಬಿಸಿಲನ್ನು ಕರೆಂಟ್ ಮಾಡುವ ಪ್ಯಾನೆಲ್ ತನ್ನ ಮೇಲೆ ಬಿದ್ದ ಬಿಸಿಲಿನ ಐದನೇ ಒಂದು ಭಾಗದಷ್ಟನ್ನು ಮಾತ್ರ ಕರೆಂಟಾಗಿ ಬದಲಿಸುತ್ತದೆ. ಅದೇ ಬಿಸಿಲನ್ನು ನೇರವಾಗಿ ನೀರು ಕಾಯಿಸಲು ಬಿಟ್ಟರೆ ಅರ್ಧಕ್ಕೂ ಜಾಸ್ತಿ ದಕ್ಕುತ್ತದೆ. ಹಾಗಿರುವಾಗ ಬಿಸಿಲಿನಿಂದ ಕರೆಂಟ್ ಮಾಡಿ, ಆ ಕರೆಂಟಿನಿಂದ ಮತ್ತೆ ನೀರು ಕಾಯಿಸುವುದು ಊರು ಸುತ್ತಿ ಮನೆಗೆ ಬಂದ ಹಾಗೆ. ಬಿಸಿ ಬೇಕಿದ್ದರೆ ಬಿಸಿಯಾಗಿಯೇ ಹಿಡಿಯಿರಿ. ಕರೆಂಟ್ ಬೇಕಿದ್ದಲ್ಲಿ ಮಾತ್ರ ಕರೆಂಟ್ ಮಾಡಿ.

ನೀರು ಕಾಯಿಸುವ ಸೋಲಾರ್

ಲೆಕ್ಕ ನೋಡಿ. 100 ಲೀಟರ್ ನೀರನ್ನು 25 ಡಿಗ್ರಿಯಷ್ಟು ಹೆಚ್ಚು ಬಿಸಿ ಮಾಡಲು ಸುಮಾರು 3 ಯುನಿಟ್ ಬೇಕು. ದಿನಾ ಅಷ್ಟು ನೀರು ಕಾಯಿಸಿದರೆ ತಿಂಗಳಿಗೆ 90 ಯುನಿಟ್. ಮನೆಯಲ್ಲಿ ನಾಲ್ಕು ಜನ, ಬಕೆಟ್ ಸ್ನಾನ ಅಂದರೆ ಇಷ್ಟಾದರೂ ಆಗುತ್ತದೆ. ಶವರ್ ಇದ್ದರೆ ಕೇಳುವುದೇ ಬೇಡ.

ಮೂರು ಜನರ ತನಕ 100 ಲೀಟರ್, ಐದಾರು ಜನಕ್ಕೆ 200 ಲೀಟರ್ ಟ್ಯಾಂಕ್ ಸಾಕು. ಎರಡು ಜಾತಿಗಳಿವೆ. ಗಾಜಿನ ಕೊಳವೆಗಳದ್ದು ಒಂದು, ಕಪ್ಪು ಹಲಗೆಯಂಥ ತಾಮ್ರದ ಕಲೆಕ್ಟರ್‌ನದು ಇನ್ನೊಂದು. ಕೊಳವೆಯದು ಅಗ್ಗ, ಮೋಡದ ದಿನವೂ ಒಂದಿಷ್ಟು ಬಿಸಿ ಕೊಡುತ್ತದೆ. ಆದರೆ ಗಾಜು ಗಾಜೇ. ಕೋತಿ ಕಾಟ ಇರುವ ಊರಲ್ಲಿ, ಪಕ್ಕದ ಮೈದಾನದಲ್ಲಿ ಹುಡುಗರು ಕ್ರಿಕೆಟ್ ಆಡುವ ಕಡೆ ಎರಡು ಸಲ ಯೋಚಿಸಿ. ತಾಮ್ರದ್ದು ಗಟ್ಟಿ, ಬೆಲೆ ಜಾಸ್ತಿ. ಅದಕ್ಕೆ ಶತ್ರು ಅಂದರೆ ಗಡಸು ನೀರು. ಬೋರ್‌ವೆಲ್ ನೀರಿನ ಸುಣ್ಣ ತಾಮ್ರದ ಸಣ್ಣ ಪೈಪಿನೊಳಗೆ ಕಟ್ಟಿಕೊಂಡರೆ ಎರಡು ಮೂರು ವರ್ಷದಲ್ಲಿ ನೀರು ಬೆಚ್ಚಗಾದರೆ ಪುಣ್ಯ ಅನ್ನುವಂತಾಗುತ್ತದೆ. ಪಾತ್ರೆಗಳಲ್ಲಿ, ನಲ್ಲಿಯ ಬಾಯಲ್ಲಿ ಬಿಳಿ ಕರೆ ಕಟ್ಟುತ್ತದೆ ಅಂದರೆ ನಿಮ್ಮದು ಗಡಸು ನೀರು. ಆಗ ಕೊಳವೆಯದ್ದೇ ತಗೊಳ್ಳಿ, ಇಲ್ಲವೇ ಹೀಟ್ ಎಕ್ಸ್‌ಚೇಂಜರ್ (ಬೋರ್ ನೀರು ಸಣ್ಣ ಪೈಪಿಗೆ ಹೋಗದೆ, ಬೇರೆ ದ್ರವದ ಮೂಲಕ ಬಿಸಿ ದಾಟುವ ಏರ್ಪಾಡು) ಇರುವ ತಾಮ್ರದ್ದು ಕೇಳಿ.

ಹಾಕಿಸುವಾಗ ಮುಖ್ಯವಾಗಿ ನೋಡಬೇಕಾದ್ದು ಎರಡು. ತಣ್ಣೀರಿನ ಟ್ಯಾಂಕ್ ಸೋಲಾರ್ ಟ್ಯಾಂಕಿಗಿಂತ ಮೇಲಿರಬೇಕು, ಇಲ್ಲದಿದ್ದರೆ ನೀರು ಹತ್ತುವುದಿಲ್ಲ. ಸೋಲಾರ್ ಟ್ಯಾಂಕ್ ಬಚ್ಚಲಿಗೆ ಆದಷ್ಟು ಹತ್ತಿರ ಇರಬೇಕು, ಪೈಪಿಗೆ ಹೊದಿಕೆ ಸುತ್ತಿರಬೇಕು. ಪೈಪು ಉದ್ದವಾದರೆ ದಿನಾ ಬೆಳಿಗ್ಗೆ ಅದರೊಳಗಿನ ತಣ್ಣೀರು ಹರಿದುಹೋಗುವ ತನಕ ನಲ್ಲಿ ಬಿಟ್ಟು ಕಾಯಬೇಕು. ಆ ನೀರನ್ನು ಒಂದು ಬಕೆಟ್‌ಗೆ ಹಿಡಿದು ಗಿಡಕ್ಕೆ ಹಾಕಿ, ವ್ಯರ್ಥ ಮಾಡಬೇಡಿ.

ತಾರಸಿಯ ಕರೆಂಟ್

ಈಗ ಪ್ಯಾನೆಲ್‌ಗೆ ಬರೋಣ. ಸುಲಭದ ಅಳತೆ ಹೀಗಿದೆ. ಒಂದು ಕಿಲೋವ್ಯಾಟ್ ಪ್ಯಾನೆಲ್‌ಗೆ ನೆರಳಿಲ್ಲದ 100 ಚದರಡಿ ಜಾಗ ಬೇಕು. ಅದು ನಮ್ಮ ರಾಜ್ಯದಲ್ಲಿ ವರ್ಷದ ಸರಾಸರಿಯಲ್ಲಿ ದಿನಕ್ಕೆ 4 ಯುನಿಟ್‌ನಷ್ಟು ಕೊಡುತ್ತದೆ. 3 ಕಿಲೋವ್ಯಾಟ್ ಅಂದರೆ 300 ಚದರಡಿ, ದಿನಕ್ಕೆ 12 ಯುನಿಟ್, ತಿಂಗಳಿಗೆ 350ರ ಹತ್ತಿರ. ಮೊದಲು ಬರೆದಿಟ್ಟುಕೊಂಡ ಬಿಲ್ಲಿನ ಯುನಿಟ್‌ಗೆ ಇದನ್ನು ಹೊಂದಿಸಿ ನೋಡಿ. ತಿಂಗಳಿಗೆ 240 ಯುನಿಟ್ ಬಳಸುವವರಿಗೆ 2 ಕಿಲೋವ್ಯಾಟ್ ಸಾಕು. ಜಾಗ ಇದೆ ಅಂತ 5 ಹಾಕಿಸಬೇಡಿ. ನೀವು ಬಳಸಿ ಉಳಿದ ಯುನಿಟ್‌ಗೆ ಎಸ್ಕಾಂ ಕೊಡುವ ದರ, ನೀವು ಕೊಳ್ಳುವಾಗಿನ ದರಕ್ಕಿಂತ ಕಡಿಮೆ.

ಪ್ಯಾನೆಲ್ ಮುಖ ದಕ್ಷಿಣಕ್ಕೆ. ಎಷ್ಟು ಬಾಗಿರಬೇಕು? ನಿಮ್ಮ ಊರಿನ ಅಕ್ಷಾಂಶದಷ್ಟು. ಬೆಂಗಳೂರು, ತುಮಕೂರಿನ ಕಡೆ 13 ಡಿಗ್ರಿ, ಬೀದರ್‌ನಲ್ಲಿ 18 ಡಿಗ್ರಿ. ಎರಡು ಮೂರು ಡಿಗ್ರಿ ಹೆಚ್ಚುಕಡಿಮೆಯಾದರೆ ಆಕಾಶವೇನೂ ಬೀಳುವುದಿಲ್ಲ.

ಬೀಳುವುದು ನೆರಳು. ಇದರಲ್ಲಿ ನಾನು ಮೋಸ ಹೋದೆ. ಪ್ಯಾನೆಲ್ ಹಾಕುವವರು ನಮ್ಮ ತಾರಸಿ ನೋಡಲು ಬಂದದ್ದು ಏಪ್ರಿಲ್‌ನಲ್ಲಿ. ಮಧ್ಯಾಹ್ನ ಹನ್ನೆರಡಕ್ಕೆ ಸೂರ್ಯ ನೆತ್ತಿಯ ಮೇಲೆ. ಪಕ್ಕದ ಮನೆಯ ತೆಂಗಿನಮರದ ನೆರಳು ಅದರ ಬುಡ ಬಿಟ್ಟು ಅಲ್ಲಾಡಲಿಲ್ಲ. "ನೆರಳೇ ಇಲ್ಲ ಸಾರ್, ಫಸ್ಟ್ ಕ್ಲಾಸ್ ಜಾಗ" ಅಂದರು. ನಾನೂ ತಲೆಯಾಡಿಸಿದೆ. ಡಿಸೆಂಬರ್ ಬಂತು. ಸೂರ್ಯ ದಕ್ಷಿಣಕ್ಕೆ ಜಾರಿದ. ತೆಂಗಿನಗರಿಯ ನೆರಳು ಬೆಳಿಗ್ಗೆ ಒಂಬತ್ತಕ್ಕೆ ಬಂದು ಎರಡು ಪ್ಯಾನೆಲ್ ಮೇಲೆ ಕೂತರೆ ಹನ್ನೊಂದೂವರೆಯಾದರೂ ಏಳುತ್ತಿರಲಿಲ್ಲ. ಒಂದೇ ಸಾಲಿನಲ್ಲಿ ಜೋಡಿಸಿದ ಪ್ಯಾನೆಲ್‌ಗಳಲ್ಲಿ ಒಂದಕ್ಕೆ ನೆರಳು ಬಿದ್ದರೂ ಉಳಿದವುಗಳ ಕೆಲಸಕ್ಕೂ ಪೆಟ್ಟು. ಕೊನೆಗೆ ಆ ಎರಡನ್ನು ಬಿಚ್ಚಿಸಿ ಬೇರೆ ಮೂಲೆಗೆ ಹಾಕಿಸಿದೆ, ನನ್ನ ಖರ್ಚಿನಲ್ಲಿ.

ನೀವು ಹೀಗೆ ಮಾಡಿ. ಸಾಧ್ಯವಾದರೆ ಡಿಸೆಂಬರ್ ಕೊನೆಯಿಂದ ಸಂಕ್ರಾಂತಿಯೊಳಗೆ ಒಂದು ದಿನ ಬೆಳಿಗ್ಗೆ 9, ಮಧ್ಯಾಹ್ನ 12, ಸಂಜೆ 3ಕ್ಕೆ ತಾರಸಿ ಹತ್ತಿ ಸೀಮೆಸುಣ್ಣದಲ್ಲಿ ನೆರಳಿನ ಗೆರೆ ಎಳೆಯಿರಿ. ಅಷ್ಟು ಕಾಯಲಾಗದಿದ್ದರೆ ಲೆಕ್ಕ ಹಾಕಿ. ನಮ್ಮ ಕಡೆ ಡಿಸೆಂಬರ್ ಕೊನೆಯ ನಡುಮಧ್ಯಾಹ್ನ ನೆರಳು ವಸ್ತುವಿನ ಎತ್ತರದ ಮುಕ್ಕಾಲು ಭಾಗದಷ್ಟು ಉದ್ದ, ಉತ್ತರ ದಿಕ್ಕಿಗೆ ಬೀಳುತ್ತದೆ. 10 ಅಡಿ ಎತ್ತರದ ನೀರಿನ ಟ್ಯಾಂಕ್ ಇದ್ದರೆ ಏಳೂವರೆ ಅಡಿ ನೆರಳು. ಬೆಳಿಗ್ಗೆ ಸಂಜೆ ಇನ್ನೂ ಉದ್ದ. ಆದ್ದರಿಂದ ಟ್ಯಾಂಕ್, ಮೆಟ್ಟಿಲಿನ ಕೋಣೆ, ಮರ, ಇವುಗಳ ಉತ್ತರದ ಜಾಗ ಬಿಟ್ಟುಬಿಡಿ. ದಕ್ಷಿಣ ಭಾಗದಲ್ಲಿ ಖಾಲಿ ಸೈಟಿದ್ದರೆ ನಾಳೆ ಅಲ್ಲಿ ಮೂರು ಮಹಡಿ ಏಳಬಹುದು ಅನ್ನುವುದೂ ತಲೆಯಲ್ಲಿರಲಿ.

ಬೇಸಿಗೆಯಲ್ಲಿ ಬಿಸಿಲು ಉರಿಯುವಾಗ ಕರೆಂಟ್ ಉಕ್ಕಿ ಬರುತ್ತದೆ ಅಂತ ಅಂದುಕೊಳ್ಳುತ್ತೇವೆ, ಅಲ್ವಾ? ಪ್ಯಾನೆಲ್‌ಗೆ ಬೇಕಾದ್ದು ಬೆಳಕು, ಶಾಖ ಅಲ್ಲ. ಕಾದಷ್ಟೂ ಅದರ ಕಸುವು ಇಳಿಯುತ್ತದೆ. ತಂಪು ಗಾಳಿ, ತಿಳಿ ಆಕಾಶ ಇರುವ ದಿನ ಅದಕ್ಕೆ ಹಬ್ಬ. ಹಾಗಾಗಿ ಪ್ಯಾನೆಲ್‌ಗಳನ್ನು ತಾರಸಿಗೆ ಅಂಟಿಸಿದಂತೆ ಕೂರಿಸದೆ ಕೆಳಗೆ ಗಾಳಿ ಆಡಲು ಜಾಗ ಬಿಡಿಸಿ.

ಇನ್ನು ಎಲ್ಲರೂ ಎಡವುವ ವಿಷಯ. ಬ್ಯಾಟರಿ ಇಲ್ಲದ, ಲೈನಿಗೆ ಜೋಡಿಸಿದ ಮಾಮೂಲಿ ಆನ್‌ಗ್ರಿಡ್ ವ್ಯವಸ್ಥೆಯಲ್ಲಿ ಬೀದಿಯ ಕರೆಂಟ್ ಹೋದರೆ ನಿಮ್ಮ ಸೋಲಾರೂ ನಿಲ್ಲುತ್ತದೆ. ಸುಡುಬಿಸಿಲಿದ್ದರೂ ಅಷ್ಟೇ. ಇದು ದೋಷ ಅಲ್ಲ. ಲೈನ್‌ಮನ್ ಕಂಬ ಹತ್ತಿ ತಂತಿ ಮುಟ್ಟಿರುವಾಗ ನಿಮ್ಮ ತಾರಸಿಯಿಂದ ಕರೆಂಟ್ ಹರಿದರೆ ಅವನ ಗತಿ ಏನು? ಅದಕ್ಕೇ ಇನ್ವರ್ಟರ್ (ಪ್ಯಾನೆಲ್ ಕರೆಂಟನ್ನು ಮನೆಯ ಕರೆಂಟಾಗಿ ಬದಲಿಸುವ ಪೆಟ್ಟಿಗೆ) ತಾನಾಗಿ ಕೈಕಟ್ಟಿ ಕೂರುತ್ತದೆ. ಕರೆಂಟ್ ಹೋದಾಗಲೂ ಬೇಕು ಅಂದರೆ ಬ್ಯಾಟರಿ ಇರುವ ಹೈಬ್ರಿಡ್ ಹಾಕಿಸಬೇಕು, ಅದಕ್ಕೆ ಖರ್ಚು ಜಾಸ್ತಿ. ಪಟ್ಟಣದಲ್ಲಿ ದಿನಕ್ಕೆ ಅರ್ಧ ಗಂಟೆ ಹೋಗುವ ಕರೆಂಟಿಗೆ ಇದು ಬೇಡ, ಮನೆಯಲ್ಲಿರುವ ಯುಪಿಎಸ್ಸೇ ಸಾಕು. ಮಳೆಗಾಲದಲ್ಲಿ ವಾರಗಟ್ಟಲೆ ಕರೆಂಟ್ ಇಲ್ಲದ ಮಲೆನಾಡಿನ ಮನೆಗಾದರೆ ಬೇರೆ ಮಾತು.

ದುಡ್ಡಿನ ವಿಷಯ. 3 ಕಿಲೋವ್ಯಾಟ್‌ಗೆ ಈಗ ಎರಡು ಲಕ್ಷದ ಆಸುಪಾಸು ಹೇಳುತ್ತಾರೆ. 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿ ಸಬ್ಸಿಡಿ. ಅದಕ್ಕಿಂತ ದೊಡ್ಡದು ಹಾಕಿಸಿದರೂ 78,000ವೇ. ಕೈಯಿಂದ ಹೋಗುವುದು 1,20,000 ಅಂದುಕೊಳ್ಳಿ. ಯುನಿಟ್‌ಗೆ ಆರು ರೂಪಾಯಿ ಲೆಕ್ಕದಲ್ಲಿ ತಿಂಗಳಿಗೆ 350 ಯುನಿಟ್ ಅಂದರೆ 2,100 ರೂಪಾಯಿ ಉಳಿತಾಯ. ಐದು ವರ್ಷದ ಒಳಗೆ ಹಾಕಿದ ದುಡ್ಡು ಬಂತು. ಆದರೆ ಮಂಜೂರಾದ ಲೋಡಿಗೆ ಕಟ್ಟುವ ನಿಗದಿತ ಶುಲ್ಕ ಇದ್ದೇ ಇರುತ್ತದೆ. "ಬಿಲ್ ಸೊನ್ನೆ ಸಾರ್" ಅನ್ನುವವರ ಮಾತು ಪೂರ್ತಿ ನಂಬಬೇಡಿ.

ಅರ್ಜಿ ಹಾಕುವುದು ಕಷ್ಟವಿಲ್ಲ. ಯೋಜನೆಯ ಪೋರ್ಟಲ್‌ನಲ್ಲಿ ಮೊಬೈಲ್ ನಂಬರ್ ಮತ್ತು ಬಿಲ್ಲಿನಲ್ಲಿರುವ ಖಾತೆ ಸಂಖ್ಯೆ ಕೊಟ್ಟು ನೋಂದಾಯಿಸಿ. ಮೀಟರ್ ಇನ್ನೂ ತೀರಿಹೋದ ತಾತನ ಹೆಸರಿನಲ್ಲಿದ್ದರೆ ಮೊದಲು ಅದನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಎಷ್ಟೋ ಅರ್ಜಿಗಳು ಸಿಕ್ಕಿಬೀಳುವುದು ಇಲ್ಲೇ. ಎಸ್ಕಾಂ ಒಪ್ಪಿಗೆ ಬಂದ ಮೇಲೆ ಪೋರ್ಟಲ್‌ನಲ್ಲಿ ನೋಂದಾಯಿತ ಮಾರಾಟಗಾರರಲ್ಲಿ ಕನಿಷ್ಠ ಮೂವರಿಂದ ಕೊಟೇಶನ್ ತರಿಸಿ. ಒಟ್ಟು ಮೊತ್ತ ಮಾತ್ರ ಬರೆದ ಕೊಟೇಶನ್ ವಾಪಸ್ ಕಳಿಸಿ. ಪ್ಯಾನೆಲ್ ಯಾವ ಕಂಪನಿ, ಎಷ್ಟು ವ್ಯಾಟ್, ಇನ್ವರ್ಟರ್ ಯಾವುದು, ಅದರ ವಾರಂಟಿ ಎಷ್ಟು ವರ್ಷ, ಪ್ಯಾನೆಲ್ ಕೂರಿಸುವ ಕಂಬಿ ತುಕ್ಕು ಹಿಡಿಯದಂತೆ ಗ್ಯಾಲ್ವನೈಸ್ ಆಗಿದೆಯಾ, ಅರ್ಥಿಂಗ್ ಮತ್ತು ಸಿಡಿಲು ರಕ್ಷಣೆ ಸೇರಿದೆಯಾ, ಎಲ್ಲ ಬಿಡಿಬಿಡಿಯಾಗಿ ಬರೆಸಿ. ಸಬ್ಸಿಡಿ ಬೇಕಿದ್ದರೆ ಪ್ಯಾನೆಲ್, ಅದರ ಒಳಗಿನ ಸೆಲ್ ಎರಡೂ ಭಾರತದಲ್ಲೇ ತಯಾರಾಗಿರಬೇಕು, ಅದನ್ನೂ ಬರೆಸಿಕೊಳ್ಳಿ. ಪ್ಯಾನೆಲ್‌ಗೆ 25 ವರ್ಷದ ಮಾತು ಕೊಡುತ್ತಾರೆ, ಅದು ಬಾಳುತ್ತದೆ ಕೂಡ. ಮೊದಲು ಕೈಕೊಡುವುದು ಇನ್ವರ್ಟರ್.

ಜೋಡಣೆ ಮುಗಿದ ಮೇಲೆ ಎಸ್ಕಾಂನವರು ಪರೀಕ್ಷೆ ಮಾಡಿ ಹಳೇ ಮೀಟರ್ ತೆಗೆದು ನೆಟ್ ಮೀಟರ್ ಹಾಕುತ್ತಾರೆ. ಇದು ಲೈನಿನಿಂದ ಬಂದದ್ದನ್ನೂ ನೀವು ಲೈನಿಗೆ ಕಳಿಸಿದ್ದನ್ನೂ ಬೇರೆಬೇರೆ ಎಣಿಸುತ್ತದೆ. ಆಮೇಲೆ ಬ್ಯಾಂಕ್ ವಿವರ ತುಂಬಿದರೆ ಸಬ್ಸಿಡಿ ಖಾತೆಗೇ ಬರುತ್ತದೆ. ಸಬ್ಸಿಡಿ ತಾನೇ ತಗೊಂಡು ಬೆಲೆ ಇಳಿಸಿಕೊಡುತ್ತೇನೆ ಅನ್ನುವವರು ಬಂದರೆ ಕಾಫಿ ಕೊಟ್ಟು ಕಳಿಸಿ.

ಬಾಡಿಗೆ ಮನೆಯವರಿಗೆ ಇದು ಆಗದ ಕೆಲಸ. ಅಪಾರ್ಟ್‌ಮೆಂಟ್‌ನವರು ಸಂಘದ ಹೆಸರಿನಲ್ಲಿ ಲಿಫ್ಟು, ಪಂಪು, ಮೆಟ್ಟಿಲಿನ ದೀಪಕ್ಕೆ ಹಾಕಿಸಬಹುದು. ಅದಕ್ಕೂ ಕಿಲೋವ್ಯಾಟ್‌ಗೆ 18,000 ಸಬ್ಸಿಡಿ ಇದೆ. ಸಂಘದ ಮೀಟಿಂಗ್‌ನಲ್ಲಿ ಎಲ್ಲರನ್ನೂ ಒಪ್ಪಿಸುವುದಕ್ಕೆ ಬೇಕಾಗುವ ಶಕ್ತಿಗೆ ಮಾತ್ರ ಯಾವ ಸಬ್ಸಿಡಿಯೂ ಇಲ್ಲ.

ಕೊಟ್ಟಿಗೆಯಲ್ಲಿ ದನ ಇದ್ದರೆ

ಪ್ಯಾನೆಲ್ ಬಗ್ಗೆ ಕೇಳುವ ಹಳ್ಳಿಯ ನೆಂಟರಿಗೆ ನಾನು ಮೊದಲು ಕೇಳುವುದು ದನ ಎಷ್ಟಿವೆ ಅಂತ. ನಾಲ್ಕೈದು ಇದ್ದರೆ ಗೋಬರ್ ಗ್ಯಾಸ್ ಬಿಟ್ಟು ಬೇರೆ ಕಡೆ ನೋಡಲೇಬೇಡಿ. ಶಿರಸಿ ಸೀಮೆಯಲ್ಲಿ ಇದು ಹೊಸದಲ್ಲ, ಅಲ್ಲಿಯ ಯಶಸ್ಸನ್ನು ವಿಜ್ಞಾನಿಗಳೇ ಬಂದು ಅಧ್ಯಯನ ಮಾಡಿ ಬರೆದಿದ್ದಾರೆ. ನಮ್ಮ ತುಮಕೂರು ಜಿಲ್ಲೆಯ ಪುರ ಅನ್ನುವ ಹಳ್ಳಿಯಲ್ಲಿ 1980ರ ದಶಕದಲ್ಲೇ ಊರ ದನಗಳ ಸಗಣಿಯಿಂದ ಕರೆಂಟ್ ಮಾಡಿ ದೀಪ ಉರಿಸಿ, ನೀರೆತ್ತಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿ ಕಟ್ಟಿದ 'ಅಸ್ತ್ರ' ತಂಡದ ಕೆಲಸ ಅದು. ಹೊಗೆ ಕಡಿಮೆ ಮಾಡುವ ಅಸ್ತ್ರ ಒಲೆ ನಿಮ್ಮ ಅಜ್ಜಿ ಮನೆಯಲ್ಲೂ ಇದ್ದಿರಬಹುದು, ಅದೂ ಇದೇ ತಂಡದ್ದು.

ಅಳತೆ: ನಾಲ್ಕೈದು ಜನರ ಅಡುಗೆಗೆ ದಿನಕ್ಕೆ 2 ಘನ ಮೀಟರ್ ಅನಿಲ ಕೊಡುವ ಗುಂಡಿ. ಅದಕ್ಕೆ ದಿನಾ 50 ಕೆಜಿ ಹಸಿ ಸಗಣಿ. ಜರ್ಸಿ, ಎಚ್‌ಎಫ್ ಥರದ ಸೀಮೆಹಸುಗಳಾದರೆ ನಾಲ್ಕು ಸಾಕು. ಮಲೆನಾಡು ಗಿಡ್ಡ ಆದರೆ ದುಪ್ಪಟ್ಟು ಬೇಕು, ಅವು ಮೈಯಲ್ಲೂ ಗಿಡ್ಡ, ಸಗಣಿಯಲ್ಲೂ ಗಿಡ್ಡ. ಮೇಯಲು ಬಿಟ್ಟ ದನದ ಸಗಣಿ ಅರ್ಧ ಗುಡ್ಡದಲ್ಲೇ ಉಳಿಯುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಜಾಗ ಕೊಟ್ಟಿಗೆಗೆ ಹತ್ತಿರ ಇರಲಿ, ಅಡುಗೆಮನೆಗೂ ತೀರ ದೂರ ಬೇಡ. ಬಿಸಿಲು ಬೀಳಬೇಕು. ಬಾವಿಯಿಂದ ದೂರ ಇರಬೇಕು. ಈಗ ಹೆಚ್ಚು ಕಟ್ಟುವುದು ನೆಲದೊಳಗಿನ ಗುಮ್ಮಟದ ದೀನಬಂಧು ಮಾದರಿ. ಕಬ್ಬಿಣದ ಡ್ರಮ್ ಇಲ್ಲ, ತುಕ್ಕಿನ ಚಿಂತೆ ಇಲ್ಲ. ಆದರೆ ಗುಮ್ಮಟ ಕಟ್ಟುವುದು ಎಲ್ಲ ಗಾರೆಯವರ ಕೆಲಸ ಅಲ್ಲ. ಒಂದು ಕೂದಲೆಳೆ ಬಿರುಕು ಬಿಟ್ಟರೂ ಅನಿಲ ಸೋರಿಹೋಗುತ್ತದೆ. ಹಿಂದೆ ಹತ್ತಾರು ಕಟ್ಟಿದವರನ್ನೇ ಹುಡುಕಿ, ಅವರು ಕಟ್ಟಿದ ಎರಡು ಮನೆಗೆ ಹೋಗಿ ಒಲೆ ಹಚ್ಚಿಸಿ ನೋಡಿ. ಸಬ್ಸಿಡಿಗೆ ತಾಲೂಕು ಪಂಚಾಯಿತಿಯಲ್ಲಿ ವಿಚಾರಿಸಿ.

ಮೊದಲ ಸಲ ತುಂಬಲು ಟ್ರ್ಯಾಕ್ಟರ್ ಲೋಡಿನಷ್ಟು ಸಗಣಿ ಬೇಕು, ಅಕ್ಕಪಕ್ಕದವರಿಂದ ಕೂಡಿಸಿಕೊಳ್ಳಿ. ಸಗಣಿ ಎಷ್ಟೋ ನೀರೂ ಅಷ್ಟೇ, ಗಂಟಿಲ್ಲದಂತೆ ದೋಸೆ ಹಿಟ್ಟಿನ ಹದಕ್ಕೆ ಕಲಸಿ ಬಿಡಬೇಕು. ಹುಲ್ಲು, ಮಣ್ಣು ಹೋಗಬಾರದು. ಫಿನೈಲ್ ಹಾಕಿ ಕೊಟ್ಟಿಗೆ ತೊಳೆದ ನೀರಂತೂ ಸುತರಾಂ ಬೇಡ. ಒಳಗೆ ಕೆಲಸ ಮಾಡುವ ಸೂಕ್ಷ್ಮಜೀವಿಗಳೇ ಸತ್ತುಹೋಗುತ್ತವೆ. ಎರಡು ಮೂರು ವಾರಕ್ಕೆ ಅನಿಲ ಏಳುತ್ತದೆ. ಮೊದಲು ಬರುವ ಅನಿಲದಲ್ಲಿ ಗಾಳಿ ಬೆರೆತಿರುತ್ತದೆ, ಅದನ್ನು ಹಚ್ಚದೆ ಹೊರಗೆ ಬಿಟ್ಟುಬಿಡಿ. ಆಮೇಲೆ ಒಲೆಯಲ್ಲಿ ನೀಲಿ ಜ್ವಾಲೆ ಬಂದರೆ ಗೆದ್ದಿರಿ. ಒಲೆ ಮಾತ್ರ ಗೋಬರ್ ಗ್ಯಾಸಿನದ್ದೇ ಬೇಕು, ಸಿಲಿಂಡರ್ ಒಲೆಯ ತೂತು ಇದಕ್ಕೆ ಸಾಲದು. ಸರಿಯಾಗಿ ನಡೆದರೆ ತಿಂಗಳಿಗೆ ಒಂದೂವರೆ ಸಿಲಿಂಡರ್‌ನಷ್ಟು ಉಳಿತಾಯ. ಚಳಿಗಾಲದಲ್ಲಿ ಕಡಿಮೆಯಾಗುತ್ತದೆ, ಗಾಬರಿಯಾಗಬೇಡಿ.

ಸೋರಿಕೆ ಹುಡುಕಲು ಸಾಬೂನು ನೀರು ಹಚ್ಚಿ ಗುಳ್ಳೆ ನೋಡಿ, ಬೆಂಕಿಕಡ್ಡಿ ಗೀರಬೇಡಿ. ಗುಂಡಿಯೊಳಗೆ ಯಾವ ಕಾರಣಕ್ಕೂ ಇಳಿಯಬೇಡಿ. ಖಾಲಿ ಕಂಡರೂ ಒಳಗಿನ ಅನಿಲಕ್ಕೆ ಒಂದೆರಡು ಉಸಿರಲ್ಲೇ ಪ್ರಜ್ಞೆ ತಪ್ಪುತ್ತದೆ. ಬಿದ್ದವರನ್ನು ಎತ್ತಲು ಇಳಿದವರೂ ಉಳಿಯುವುದಿಲ್ಲ.

ದೊಡ್ಡಪ್ಪನ ಹತ್ತಿರ ನಾನು ಸಿಲಿಂಡರ್ ಲೆಕ್ಕ ಹೇಳುತ್ತಾ ಕೂತಾಗ ಅವರು ನಕ್ಕರು. "ಗ್ಯಾಸ್ ಏನು ಮಹಾ ಮಾರಾಯ, ಸ್ಲರಿ ನೋಡು." ಅನಿಲ ಬಿಟ್ಟುಕೊಟ್ಟು ಗುಂಡಿಯಿಂದ ಹೊರಬರುವ ಸಗಣಿ ರಾಡಿಯೇ ಸ್ಲರಿ, ಸಗಣಿಯ ಸಾರಜನಕ ಅದರಲ್ಲಿ ಹಾಗೇ ಉಳಿದಿರುತ್ತದೆ. ಅದು ನೇರ ಅಡಿಕೆ ಬುಡಕ್ಕೆ. ಅವರ ಮಟ್ಟಿಗೆ ಅದು ಗೊಬ್ಬರದ ಗುಂಡಿ, ಒಲೆ ಉರಿಯುವುದು ಮೇಲಿನ ಲಾಭ.

ಮನೆ ಹಿಂದೆ ಹಳ್ಳ ಹರಿಯುತ್ತಿದ್ದರೆ

ಇದು ಮಲೆನಾಡು, ಕೊಡಗು, ಕರಾವಳಿಯ ಘಟ್ಟದ ಬುಡದವರಿಗೆ ಮಾತ್ರ ಸಿಕ್ಕ ಭಾಗ್ಯ. ಸಣ್ಣ ಹಳ್ಳದ ನೀರನ್ನು ಮೇಲಿನಿಂದ ಪೈಪಿನಲ್ಲಿ ಇಳಿಸಿ ಪುಟ್ಟ ಟರ್ಬೈನ್ ತಿರುಗಿಸುವುದಕ್ಕೆ ಪಿಕೋ ಹೈಡ್ರೋ ಅನ್ನುತ್ತಾರೆ.

ನಿಮ್ಮ ಹಳ್ಳಕ್ಕೆ ಎಷ್ಟು ಕಸುವಿದೆ ಅಂತ ಒಂದು ಬೆಳಿಗ್ಗೆಯಲ್ಲಿ ಗೊತ್ತುಮಾಡಿಕೊಳ್ಳಬಹುದು. ನೀರನ್ನೆಲ್ಲ ಒಂದು ದಂಬೆಗೆ (ನೀರು ಹರಿಸುವ ದೋಣಿಗೆ) ಕಟ್ಟಿ 20 ಲೀಟರ್ ಬಕೆಟ್ ಹಿಡಿಯಿರಿ. 4 ಸೆಕೆಂಡಿಗೆ ತುಂಬಿದರೆ ಸೆಕೆಂಡಿಗೆ 5 ಲೀಟರ್. ಆಮೇಲೆ ಮೇಸ್ತ್ರಿಗಳ ನೀರಿನ ಲೆವೆಲ್ ಪೈಪ್ ಹಿಡಿದು, ನೀರು ತಿರುಗಿಸುವ ಜಾಗಕ್ಕೂ ಟರ್ಬೈನ್ ಇಡುವ ಜಾಗಕ್ಕೂ ಎಷ್ಟು ಮೀಟರ್ ಇಳಿತ ಅಂತ ಅಳೆಯಿರಿ. ಪೈಪಿನ ಉದ್ದ ಅಲ್ಲ, ನೇರ ಎತ್ತರ. ಲೀಟರನ್ನು ಮೀಟರಿನಿಂದ ಗುಣಿಸಿ, ಮತ್ತೆ 5ರಿಂದ ಗುಣಿಸಿ. ಬಂದದ್ದು ವ್ಯಾಟ್. 5 ಲೀಟರ್, 20 ಮೀಟರ್ ಅಂದರೆ 500 ವ್ಯಾಟ್.

ಇಷ್ಟೇನಾ ಅನ್ನಿಸಬಹುದು. ಆದರೆ ಹಳ್ಳಕ್ಕೆ ರಾತ್ರಿ ಇಲ್ಲ. 500 ವ್ಯಾಟ್ 24 ಗಂಟೆ ಓಡಿದರೆ ದಿನಕ್ಕೆ 12 ಯುನಿಟ್. ನನ್ನ ತಾರಸಿಯ ಎರಡು ಲಕ್ಷದ ಪ್ಯಾನೆಲ್‌ಗಳು ಕೊಡುವುದೂ ಅಷ್ಟೇ!

ತೊಡಕು ಎಲ್ಲಿ ಅಂದರೆ, ಎಷ್ಟೋ ಹಳ್ಳಗಳು ಜನವರಿ ಹೊತ್ತಿಗೆ ಬತ್ತುತ್ತವೆ. ಆಗಸ್ಟ್‌ನಲ್ಲಿ ಅಳೆದು ಹಿಗ್ಗಬೇಡಿ, ಡಿಸೆಂಬರ್‌ನಲ್ಲಿ ಇನ್ನೊಮ್ಮೆ ಅಳೆಯಿರಿ. ನೀರು ಪೈಪಿಗೆ ಹೋಗುವ ಬಾಯಿಗೆ ಜಾಲರಿ ಬೇಕು. ದಿನಾ ಅದರ ಎಲೆ, ಕಡ್ಡಿ ತೆಗೆಯಲು ಸೋಮಾರಿತನ ಇಲ್ಲದ ಮನುಷ್ಯನೂ ಬೇಕು. ಹಳ್ಳ ಪೂರ್ತಿ ಬತ್ತುವಂತೆ ನೀರು ತಿರುಗಿಸಬಾರದು, ಕೆಳಗಿನ ತೋಟದವರಿದ್ದಾರೆ, ಮೀನು ಏಡಿಗಳಿವೆ. ನೀರಿನ ಮೂಲ ಕಾಡಿನೊಳಗಿದ್ದರೆ ಅರಣ್ಯ ಇಲಾಖೆಯವರನ್ನು ಕೇಳಿಯೇ ಮುಂದುವರಿಯಿರಿ.

ಗಾಳಿ?

ಮನೆಗೆ ಬೇಡ. ಗಾಳಿಯ ವೇಗ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟು, ವೇಗ ಅರ್ಧಕ್ಕೆ ಇಳಿದರೆ ಶಕ್ತಿ ಎಂಟನೇ ಒಂದು. ಊರೊಳಗೆ ಮನೆ, ಮರಗಳ ನಡುವೆ ಗಾಳಿ ತಡೆದು ತಡೆದು ಬೀಸುತ್ತದೆ. ತಾರಸಿಯ ಮೇಲಿನ ಪುಟ್ಟ ಫ್ಯಾನು ನೋಡಲು ಚಂದ, ಅಷ್ಟೇ. ಗಾಳಿಯಂತ್ರ ಇರಬೇಕಾದ್ದು ಚಿತ್ರದುರ್ಗದ ಗುಡ್ಡಗಳಲ್ಲಿ, ಗದಗದ ಬಯಲಿನಲ್ಲಿ. ಅಲ್ಲಿ ಆಷಾಢದ ಗಾಳಿ ಬೀಸುವಾಗ ನಮ್ಮ ಪಾವಗಡದ ಸೋಲಾರ್ ಪಾರ್ಕಿನ ಮೇಲೆ ಮೋಡ ಇರುತ್ತದೆ. 13,000 ಎಕರೆ, 2,050 ಮೆಗಾವ್ಯಾಟ್‌ನ ಆ ಪಾರ್ಕಿಗೆ ರೈತರು ಜಮೀನು ಮಾರಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆಗೆ ಕೊಟ್ಟರು. ಬಿಸಿಲು ಸೋತಾಗ ಗಾಳಿ, ಎರಡೂ ಸೋತಾಗ ಶರಾವತಿಯ ನೀರು. ರಾಜ್ಯದ ಮಟ್ಟದಲ್ಲಿ ಹೀಗೆ ಒಂದಕ್ಕೊಂದು ಹೆಗಲು ಕೊಡುತ್ತವೆ.

ಹಾಕಿಸಿದ ಮೇಲೆ

ಪ್ಯಾನೆಲ್ ಒರೆಸುವುದು ಹದಿನೈದು ದಿನಕ್ಕೊಮ್ಮೆ, ರಸ್ತೆ ದೂಳು ಜಾಸ್ತಿ ಇದ್ದರೆ ವಾರಕ್ಕೊಮ್ಮೆ. ಬೆಳಿಗ್ಗೆ ಆರೂವರೆಗೋ ಸಂಜೆಯೋ ತಣ್ಣಗಿರುವಾಗ ಮಾಡಿ, ಕಾದ ಗಾಜಿಗೆ ತಣ್ಣೀರು ಸುರಿಯಬೇಡಿ. ಬರೀ ನೀರು, ಮೆತ್ತನೆ ಬಟ್ಟೆ ಸಾಕು. ಗಡಸು ನೀರಾದರೆ ಒಣಗುವ ಮುಂಚೆ ಒರೆಸಿಬಿಡಿ, ಇಲ್ಲದಿದ್ದರೆ ಬಿಳಿ ಕರೆ ಉಳಿಯುತ್ತದೆ. ಪಾರಿವಾಳ ಗೂಡು ಕಟ್ಟದಂತೆ ಕೆಳಗೆ ಬಲೆ ಹಾಕಿಸಿ. ಯಾರೂ ಇದನ್ನು ಮೊದಲೇ ಹೇಳುವುದಿಲ್ಲ, ಆಮೇಲೆ ತೊಳೆಯುವವರು ನಾವು.

ಮೊದಲ ವರ್ಷ ಗೋಡೆಯ ಕ್ಯಾಲೆಂಡರ್‌ನಲ್ಲಿ ದಿನಾ ಸಂಜೆ ಇನ್ವರ್ಟರ್ ತೋರಿಸುವ ಯುನಿಟ್ ಬರೆದಿಡಿ. ಬರೆದಿಟ್ಟಿದ್ದರಿಂದಲೇ ನನಗೆ ಆ ತೆಂಗಿನಮರ ಸಿಕ್ಕಿಬಿದ್ದದ್ದು. ಜುಲೈ ಬಂದಾಗ ಅಂಕಿ ಇಳಿಯುತ್ತದೆ. ಕಳೆದ ಮಳೆಗಾಲದಲ್ಲಿ ಒಂದು ದಿನ ನನ್ನದು ಬರೀ 4 ಯುನಿಟ್. ಸಪ್ಪಗೆ ಬರೆದು ಪೆನ್ನು ಮುಚ್ಚುವಾಗ ದೊಡ್ಡಪ್ಪನ ಫೋನ್ ಬಂತು. ಕೊಪ್ಪದಲ್ಲಿ ಮೂರು ದಿನದಿಂದ ಲೈನ್ ಇಲ್ಲ, ಹಳ್ಳ ತುಂಬಿ ಹರಿಯುತ್ತಿದೆ, ಟರ್ಬೈನ್ ಕೊಡುವ ಕರೆಂಟ್ ಬಳಸಿ ಮುಗಿಯುತ್ತಿಲ್ಲ. ಉಳಿದದ್ದನ್ನು ಬಚ್ಚಲ ಹಂಡೆಯ ಕಾಯಿಲ್‌ಗೆ ಬಿಟ್ಟಿದ್ದಾರಂತೆ.

"ನೀರು ಕುದೀತಾ ಉಂಟು ಮಾರಾಯ," ಅಂದರು. "ಸ್ನಾನಕ್ಕೆ ಬರ್ತೀಯೋ?"